ತೊಗಲಿನ ಕೆಲಸಕ್ಕೆ ಮೊದಲ ಹತಾರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳದಲ್ಲಿ ಮನೆಯಲ್ಲೇ ಕೂತು ಪರ್ಸು, ಬೆಲ್ಟು, ಸಣ್ಣ ಚೀಲ ಹೊಲಿಯುತ್ತೇನೆ. ಕಲಿಯಬೇಕು ಅಂತ ಗಂಗಾವತಿ, ಕುಷ್ಟಗಿ, ಸಿಂಧನೂರು, ಬಳ್ಳಾರಿ ಕಡೆಯಿಂದ ಹುಡುಗರು, ಹುಡುಗಿಯರು, ನಿವೃತ್ತರಾದ ಮೇಷ್ಟ್ರುಗಳೂ ಫೋನ್ ಮಾಡುತ್ತಾರೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: ‘ಏನೇನು ತಗೋಬೇಕು?’ ಫೋನಿನಲ್ಲಿ ಹೇಳುತ್ತಾ ಬಂದದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಶುರು ಮಾಡಲು ಬೇಕೇ ಬೇಕಾದ ಸಾಮಾನು ಯಾವುವು?

ಕೊಯ್ಯಲು ಒಂದು ಚಾಕು, ಅದನ್ನು ಮಸೆಯಲು ಸಾಣೆ. ಗೆರೆ ಹಾಕಲು ಸ್ಟೀಲ್ ಸ್ಕೇಲು ಮತ್ತು ಡಿವೈಡರ್. ತೂತು ಹಾಕಲು ಬಾಚಣಿಗೆಯಂತೆ ಸಾಲು ಹಲ್ಲಿರುವ ಉಳಿ ಎರಡು, ಅವನ್ನು ಬಡಿಯಲು ಕೊಡತಿ. ಹೊಲಿಯಲು ಮೊಂಡು ಮೂತಿಯ ಸೂಜಿ ಎರಡು, ಮೇಣ ಹಚ್ಚಿದ ದಾರ. ಕೆಳಗೆ ಹಾಸಲು ಕಟಿಂಗ್ ಮ್ಯಾಟು, ಅದರಡಿಗೆ ಒಂದು ಕಲ್ಲು. ಅಂಟು, ಸ್ಯಾಂಡ್‌ಪೇಪರು. ಇಷ್ಟಿದ್ದರೆ ಕಾರ್ಡ್ ಪರ್ಸು, ಕನ್ನಡಕದ ಚೀಲ, ಕೀ ಪಟ್ಟಿ, ಡೈರಿಯ ಹೊದಿಕೆ ಎಲ್ಲ ಮಾಡಬಹುದು.

ಡಿವೈಡರಿಗೆ ದುಡ್ಡು ಕೊಡಬೇಕಾಗಿಲ್ಲ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕಂಪಾಸ್ ಬಾಕ್ಸಿನಲ್ಲಿ ಇದ್ದೇ ಇರುತ್ತದೆ. ಅದರ ಎರಡು ಮೊನೆಯ ನಡುವೆ 4 ಮಿ.ಮೀ. ಅಂತರ ಇಟ್ಟು, ಒಂದನ್ನು ತೊಗಲಿನ ಅಂಚಿಗೆ ಒರಗಿಸಿ ಎಳೆದರೆ ಹೊಲಿಗೆಯ ಗೆರೆ ನೇರವಾಗಿ ಬರುತ್ತದೆ.

ಆನ್‌ಲೈನಿನಲ್ಲಿ 50 ಸಾಮಾನಿನ ಕಿಟ್ ಅಗ್ಗಕ್ಕೆ ಸಿಗುತ್ತಲ್ಲ, ಅದನ್ನೇ ತಗೊಳ್ಳಲಾ?

ಬೇಡ. ನಾನು ಮೊದಲು ತರಿಸಿದ್ದು ಅಂಥದ್ದೇ. ಪೆಟ್ಟಿಗೆ ತೆಗೆದಾಗ ಖುಷಿಯಾಗಿತ್ತು, ಏನೆಲ್ಲ ಇದೆ ಅಂತ. ಆಮೇಲೆ ನೋಡಿದರೆ ಉಳಿಯ ಹಲ್ಲುಗಳು ಒಂದೇ ಸಾಲಿನಲ್ಲಿಲ್ಲ. ಮೂರನೇ ಏಟಿಗೆ ಒಂದು ಹಲ್ಲು ಬಾಗಿತು. ಅಂಚು ಕೆತ್ತುವ ಹತಾರ ಕೆತ್ತಲಿಲ್ಲ, ತೊಗಲನ್ನು ಹರಿದು ಹಾಕಿತು. ಅದರಲ್ಲಿ ಕೆಲಸಕ್ಕೆ ಬಂದದ್ದು ಸೂಜಿ ಮತ್ತು ಬೆರಳಿಗೆ ಹಾಕುವ ಅಂಗುಸ್ತಾನ ಮಾತ್ರ.

ಹೋದ ದುಡ್ಡಿಗಿಂತ ನನಗೆ ಜಾಸ್ತಿ ಬೇಜಾರಾದದ್ದು ಬೇರೆ ವಿಷಯಕ್ಕೆ. ಮೂರು ತಿಂಗಳು ‘ನನ್ನ ಕೈಯೇ ಸರಿಯಿಲ್ಲ’ ಅಂತ ನಂಬಿಕೊಂಡಿದ್ದೆ. ಹೊಲಿಗೆ ಸೊಟ್ಟ ಬಂದಾಗಲೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಒಳ್ಳೆಯ ಉಳಿ ಒಂದನ್ನು ಕೈಗೆ ತಗೊಂಡ ದಿನ ಅದೇ ಕೈ ನೇರ ಸಾಲು ಹಾಕಿತು. ಹೊಸಬರಿಗೆ ಕೆಟ್ಟ ಹತಾರ ಯಾಕೆ ಕೊಡಬಾರದು ಅಂದರೆ ಇದಕ್ಕೇ. ಪಳಗಿದವರು ತಪ್ಪು ಎಲ್ಲಿದೆ ಅಂತ ಗುರುತಿಸುತ್ತಾರೆ, ಹೊಸಬರು ತಮ್ಮನ್ನೇ ಬೈದುಕೊಂಡು ಕೆಲಸ ಬಿಟ್ಟುಬಿಡುತ್ತಾರೆ. ಕಡಿಮೆ ಕೊಳ್ಳಿ. ಕೊಳ್ಳುವ ಆ ನಾಲ್ಕೈದನ್ನು ನೋಡಿ ಕೊಳ್ಳಿ.

ಒಟ್ಟು ಎಷ್ಟು ಖರ್ಚಾಗಬಹುದು?

ತೊಗಲು ಬಿಟ್ಟು ಸುಮಾರು 2,500ರಿಂದ 3,500 ರೂಪಾಯಿ ಇಟ್ಟುಕೊಳ್ಳಿ. ಅದರಲ್ಲಿ ದೊಡ್ಡ ಪಾಲು ಹಲ್ಲಿನ ಉಳಿಗೆ ಹೋಗಲಿ. ಸ್ಕೇಲು, ಕಟರು, ಸ್ಯಾಂಡ್‌ಪೇಪರು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತವೆ. ಮ್ಯಾಟು ಸ್ಟೇಷನರಿ ಅಂಗಡಿಯಲ್ಲಿ. ಅಂಟು, ಆರಿ (ತೂತು ಚುಚ್ಚುವ, ಹಿಡಿಯಿರುವ ಮೊನೆ), ರಿವೆಟ್ಟು ಚಪ್ಪಲಿ ಸಾಮಾನು ಮಾರುವ ಅಂಗಡಿಯಲ್ಲಿ. ಉಳಿ, ಸೂಜಿ, ಮೇಣದ ದಾರ ಮಾತ್ರ ಹೊರಗಿನಿಂದ ತರಿಸಿ.

ಯಾವ ಚಾಕು ಒಳ್ಳೆಯದು? ಕಟರ್ ಸಾಕಾ, ರಂಪಿಯೇ ಬೇಕಾ?

ಮೊದಲ ಆರು ತಿಂಗಳಿಗೆ 18 ಮಿ.ಮೀ. ಬ್ಲೇಡಿನ ಕಟರ್ ಸಾಕು. ಮೊನೆ ಮೊಂಡಾದರೆ ಮುರಿದು ಮುಂದಿನ ತುಣುಕಿಗೆ ಹೋಗಬಹುದು. 9 ಮಿ.ಮೀ. ಬ್ಲೇಡಿನದ್ದು ಬೇಡ. ದಪ್ಪ ತೊಗಲಿನಲ್ಲಿ ಅದು ಬಾಗುತ್ತದೆ, ಬಾಗಿದರೆ ಮೇಲೆ ನೇರ ಇದ್ದದ್ದು ಕೆಳಗೆ ಸೊಟ್ಟ ಕೊಯ್ದಿರುತ್ತದೆ.

ರಂಪಿಯ ಕೆಲಸ ಬೇರೆ. ಎರಡು ತೊಗಲು ಸೇರುವ ಕಡೆ, ಮಡಚುವ ಕಡೆ ಹಿಂಭಾಗವನ್ನು ಹೆರೆದು ತೆಳ್ಳಗೆ ಮಾಡಬೇಕಾಗುತ್ತದೆ. ಅದು ಕಟರಿನಿಂದ ಆಗುವ ಕೆಲಸವಲ್ಲ. ಅಗಲ ಬಾಯಿಯ, ಒಂದೇ ಕಡೆ ಇಳಿಜಾರು ಮಸೆದ ರಂಪಿ ಬೇಕು.

ನನಗೆ ರಂಪಿ ಹಿಡಿಯಲು ಕಲಿಸಿದವರು ಬಸ್ ಸ್ಟ್ಯಾಂಡ್ ಹತ್ತಿರ ಬೇವಿನ ಮರದ ಕೆಳಗೆ ಕೂರುವ ಒಬ್ಬ ಕಾಕಾ. ನಾನು ಹಿಡಿಯನ್ನು ಬಿಗಿಯಾಗಿ ಹಿಡಿದು ಒತ್ತುತ್ತಿದ್ದೆ, ತೊಗಲು ನಡುವೆಯೇ ತೂತು ಬೀಳುತ್ತಿತ್ತು. ಅವರು ನೋಡಿ ನೋಡಿ ಹೇಳಿದರು: ‘ತಂಗಿ, ಕೈ ಒತ್ತಬ್ಯಾಡ. ರಂಪಿ ಮಲಗಿಸು. ಮಲಗಿಸಿ ಮುಂದಕ್ಕ ದೂಡು.’ ಅವರ ಕೈ ನೋಡಿದೆ. ರಂಪಿ ತೊಗಲಿನ ಮೇಲೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗಿತ್ತು. ಹೆಬ್ಬೆರಳು ಹಿಂದಿನಿಂದ ಮೆಲ್ಲಗೆ ದೂಡುತ್ತಿತ್ತು. ತೊಗಲಿನ ಹೆರಕಲು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಒಂದೇ ಎಳೆಯಾಗಿ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ಎಡಗೈ ಎಂದೂ ರಂಪಿಯ ಬಾಯಿಯ ಮುಂದೆ ಬರಲಿಲ್ಲ. ಇದೊಂದನ್ನು ಮೊದಲ ದಿನವೇ ಕಲಿಯಿರಿ: ಹಿಡಿಯುವ ಕೈ ಯಾವಾಗಲೂ ಚಾಕುವಿನ ಹಿಂದೆ.

ರಂಪಿಯನ್ನು ಪೇಟೆಯಲ್ಲೇ ಕೊಳ್ಳಬೇಕಂತಿಲ್ಲ. ನಿಮ್ಮೂರಿನ ಕಮ್ಮಾರರಿಗೆ ಹೇಳಿ, ಲಾರಿಯ ಕಮಾನ್ ಪಟ್ಟಿಯಿಂದ ಬಡಿದು ಕೊಡುತ್ತಾರೆ. ಬಾಯಿ ಎರಡು ಇಂಚಿಗಿಂತ ಅಗಲ ಬೇಡ. ಎಡಗೈಯವರಾಗಿದ್ದರೆ ಮೊದಲೇ ಹೇಳಿ, ಇಳಿಜಾರು ತಿರುಗಿಸಿ ಮಸೆಯಬೇಕಾಗುತ್ತದೆ.

ಸಾಣೆ ಅಷ್ಟು ಮುಖ್ಯಾನಾ?

ಉಳಿದ ಎಲ್ಲಕ್ಕಿಂತ ಮುಖ್ಯ. ಹೊಸ ರಂಪಿ, ಹೊಸ ಅಂಚು ಕೆತ್ತುವ ಹತಾರ, ಯಾವುದೂ ಪೂರ್ತಿ ಹರಿತವಾಗಿ ಬರುವುದಿಲ್ಲ. ಮೊಂಡು ಚಾಕು ಜಾರಿ ಬೆರಳು ಕೊಯ್ಯುತ್ತದೆ. ಯಾಕಂದರೆ ಅದು ಕೊಯ್ಯದಿದ್ದಾಗ ನಾವು ಜೋರು ಹಾಕುತ್ತೇವೆ.

ದುಬಾರಿ ಸಾಣೆಕಲ್ಲು ಬೇಡ. ದಪ್ಪ ಗಾಜಿನ ಒಂದು ತುಣುಕು ತಗೊಳ್ಳಿ, ಅಂಚು ಮಸೆಸಿಕೊಳ್ಳಿ. ಅದರ ಮೇಲೆ 400, 1000, 2000 ನಂಬರಿನ ನೀರು ಹಾಕುವ ಸ್ಯಾಂಡ್‌ಪೇಪರು ಒಂದೊಂದಾಗಿ ಇಟ್ಟು ಅದೇ ಕ್ರಮದಲ್ಲಿ ಮಸೆಯಿರಿ. ಇಳಿಜಾರು ಪೂರ್ತಿ ಕಾಗದಕ್ಕೆ ಕೂತಿರಬೇಕು, ಅಲುಗಾಡಬಾರದು. ಆಮೇಲೆ ಮರದ ಪಟ್ಟಿಗೆ ಒಂದು ತುಂಡು ತೊಗಲು ಅಂಟಿಸಿ, ಹಸಿರು ಪಾಲಿಶ್ ಸೋಪು ಉಜ್ಜಿ, ಚಾಕುವನ್ನು ಹಿಂದಕ್ಕೆ ಮಾತ್ರ ಎಳೆಯಿರಿ. ಮುಂದಕ್ಕೆ ದೂಡಿದರೆ ತೊಗಲೇ ಕೊಯ್ದು ಹೋಗುತ್ತದೆ. ಕೆಲಸದ ನಡುವೆ ಹತ್ತು ನಿಮಿಷಕ್ಕೊಮ್ಮೆ ನಾಲ್ಕೈದು ಸಲ ಹೀಗೆ ಎಳೆದರೆ ವಾರಗಟ್ಟಲೆ ಸಾಣೆಗೆ ಹೋಗಬೇಕಾಗಿಲ್ಲ.

ಹಲ್ಲಿನ ಉಳಿಯಲ್ಲಿ ನೂರೆಂಟು ಅಳತೆ ಇವೆ. ಯಾವುದು ಆರಿಸಲಿ?

4 ಮಿ.ಮೀ. ಅಂತರದ್ದು. ಎರಡು ಹಲ್ಲಿನದ್ದು ಒಂದು, ಆರು ಹಲ್ಲಿನದ್ದು ಒಂದು. ನೇರ ಸಾಲಿಗೆ ಆರು ಹಲ್ಲು, ತಿರುವಿಗೆ ಎರಡು ಹಲ್ಲು. 3 ಮಿ.ಮೀ.ದು ನೋಡಲು ಚಂದ, ಆದರೆ ಹೊಸಬರಿಗೆ ಹೊಲಿಗೆ ಜಾಸ್ತಿ, ತಪ್ಪೂ ಜಾಸ್ತಿ.

ಕೊಳ್ಳುವಾಗ ಎರಡು ಜಾತಿ ಇರುವುದನ್ನು ಗಮನಿಸಿ. ಒಂದು ಬರೀ ಗುರುತು ಹಾಕುವಂಥದ್ದು, ಆಮೇಲೆ ಆರಿಯಿಂದ ತೂತು ಮಾಡಬೇಕು. ಇನ್ನೊಂದು ಪೂರ್ತಿ ಆಚೆ ಹೊರಡುವಂಥದ್ದು. ಶುರುವಿಗೆ ಎರಡನೆಯದೇ ಇರಲಿ. ಹಲ್ಲಿನ ಮೂತಿ ದುಂಡಗಿರಬಾರದು, ಇಸ್ಪೀಟಿನ ಡೈಮಂಡ್ ಆಕಾರ ಇರಬೇಕು. ಆ ಆಕಾರದಿಂದಲೇ ಹೊಲಿಗೆ ಓರೆಯಾಗಿ ಸಾಲುಗಟ್ಟಿ ಕೂರುತ್ತದೆ.

ಬಂದ ಮೇಲೆ ಹಲ್ಲುಗಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕಿಗೆ ನೋಡಿ. ಎಲ್ಲ ಒಂದೇ ಉದ್ದ, ಒಂದೇ ಸಾಲು ಇರಬೇಕು. ಬೆರಳಾಡಿಸಿದರೆ ಗರಗರ ಅಂದರೆ 2000 ನಂಬರಿನ ಸ್ಯಾಂಡ್‌ಪೇಪರಿನಿಂದ ಪ್ರತಿ ಹಲ್ಲನ್ನೂ ಉಜ್ಜಿ ನಯ ಮಾಡಿಕೊಳ್ಳಿ. ಬಡಿಯುವ ಮೊದಲು ಹಲ್ಲನ್ನು ಜೇನುಮೇಣದ ಗಟ್ಟಿಗೆ ಒಮ್ಮೆ ಚುಚ್ಚಿ ತೆಗೆಯಿರಿ, ತೊಗಲಿನಿಂದ ಸಲೀಸಾಗಿ ಹೊರಗೆ ಬರುತ್ತದೆ. ಮುಂದಿನ ಏಟಿಗೆ ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿನಲ್ಲೇ ಕೂರಿಸಿ. ಅಂತರ ತಪ್ಪುವುದಿಲ್ಲ.

ಮನೆಯಲ್ಲಿರುವ ಕಬ್ಬಿಣದ ಸುತ್ತಿಗೆ ನಡೆಯುತ್ತಾ?

ಉಳಿ ಬಡಿಯಲು ನಡೆಯುವುದಿಲ್ಲ. ಉಳಿಯ ತಲೆ ಅಣಬೆಯಂತೆ ಅರಳುತ್ತದೆ, ಏಟು ಪುಟಿದು ಹಲ್ಲು ಜರುಗುತ್ತದೆ. ನಮ್ಮ ಬಡಿಗೇರರ ಹತ್ತಿರ ಜಾಲಿ ಕಟ್ಟಿಗೆಯ ಒಂದು ಕೊಡತಿ ಮಾಡಿಸಿ. ನನ್ನದು ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಅಷ್ಟು ಸಾಕು. ಅಂಟಿಸಿದ ಜೋಡಣೆ ಕೂರಿಸಲು, ಮಡಿಕೆ ತಟ್ಟಲು ಮಾತ್ರ ಕಬ್ಬಿಣದ ಸುತ್ತಿಗೆ. ಅದರ ಮುಖ ನುಣ್ಣಗಿರಲಿ.

ಕೆಳಗೆ ಏನು ಹಾಸಬೇಕು?

ಇದರಲ್ಲಿ ನಮ್ಮ ಭಾಗದವರು ಪುಣ್ಯವಂತರು. ಬೇರೆ ಕಡೆಯವರು ಕಲ್ಲಿನ ಚಪ್ಪಡಿಯನ್ನು ದುಡ್ಡು ಕೊಟ್ಟು ತರಿಸುತ್ತಾರೆ. ಕುಷ್ಟಗಿ, ಇಳಕಲ್ ಸುತ್ತಮುತ್ತ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಮೂಲೆ ಮುರಿದ ತುಣುಕುಗಳು ರಾಶಿ ಬಿದ್ದಿರುತ್ತವೆ. ಕೇಳಿದರೆ ಕೊಡುತ್ತಾರೆ. ಒಂದಡಿ ಅಗಲ, ಒಂದಡಿ ಉದ್ದ, ಮುಕ್ಕಾಲು ಇಂಚು ದಪ್ಪದ್ದು ಆರಿಸಿ. ಕೆಳಗೆ ಹಳೆಯ ಕಂಬಳಿ ಮಡಚಿ ಹಾಕಿದರೆ ಸದ್ದು ಕಡಿಮೆಯಾಗುತ್ತದೆ, ಪಕ್ಕದ ಮನೆಯವರು ಬೇಜಾರಾಗುವುದಿಲ್ಲ.

ಉಳಿಯನ್ನು ಮಾತ್ರ ನೇರವಾಗಿ ಕಲ್ಲಿನ ಮೇಲೆ ಬಡಿಯಬೇಡಿ, ಹಲ್ಲು ಮುರಿಯುತ್ತದೆ. ಕಲ್ಲು, ಅದರ ಮೇಲೆ ಮ್ಯಾಟು ಅಥವಾ ದಪ್ಪ ರಬ್ಬರಿನ ತುಂಡು, ಅದರ ಮೇಲೆ ತೊಗಲು. ಮ್ಯಾಟನ್ನು ಬೇಸಿಗೆಯಲ್ಲಿ ಮಹಡಿಯ ಮೇಲೋ ಕಿಟಕಿ ಬಿಸಿಲಿಗೋ ಬಿಡಬೇಡಿ. ರಾಯಚೂರಿನ ಬಿಸಿಲಿಗೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಸೂಜಿ, ದಾರ ಯಾವುದು? ದಬ್ಬಳ ನಡೆಯುತ್ತಾ?

ದಬ್ಬಳ ಅಕ್ಕಿ ಚೀಲಕ್ಕೆ ಸರಿ. ಪರ್ಸಿಗೆ ಅದು ದಪ್ಪ, ಮೊನೆಯೂ ಚೂಪು. ತೂತು ಮೊದಲೇ ಹಾಕಿರುವುದರಿಂದ ನಮಗೆ ಚುಚ್ಚುವ ಸೂಜಿ ಬೇಡ, ದಾರಿ ಹುಡುಕಿಕೊಂಡು ಹೋಗುವ ಮೊಂಡು ಸೂಜಿ ಬೇಕು. ಚೂಪು ಸೂಜಿ ಒಳಗಿರುವ ದಾರವನ್ನೇ ಸೀಳುತ್ತದೆ.

ದಾರ ಮೇಣ ಹಚ್ಚಿದ ಪಾಲಿಯೆಸ್ಟರ್, 0.8 ಮಿ.ಮೀ. ಸಾಕು. ಒಂದೇ ದಾರದ ಎರಡು ತುದಿಗೂ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎರಡು ಸೂಜಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹಾಯಬೇಕು. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ಕತ್ತರಿಸಿಕೊಳ್ಳಿ. 20 ಸೆಂ.ಮೀ. ಹೊಲಿಗೆಗೆ 80 ಸೆಂ.ಮೀ. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಕಡಿದರೆ ಸರಸರ ಬಿಚ್ಚಿಕೊಳ್ಳಬಹುದು. ನಮ್ಮ ಈ ಎರಡು ಸೂಜಿಯ ಕೈ ಹೊಲಿಗೆಯಲ್ಲಿ ಒಂದು ಕಡೆ ಕಡಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಶುರುವಿನಿಂದ ಕೊನೆಯವರೆಗೆ ಒಂದೇ ಕ್ರಮ ಇರಲಿ: ಮೊದಲು ಎಡಗೈ ಸೂಜಿ ಅಂದರೆ ಪ್ರತಿ ತೂತಿಗೂ ಎಡಗೈ ಸೂಜಿಯೇ ಮೊದಲು. ಕ್ರಮ ತಪ್ಪಿದ ಕಡೆ ಹೊಲಿಗೆ ಬೇರೆ ದಿಕ್ಕಿಗೆ ತಿರುಗಿ ಕೂತು ಕಣ್ಣಿಗೆ ಹೊಡೆಯುತ್ತದೆ.

ಚಪ್ಪಲಿ ಹೊಲಿಯುವವರ ಕೊಕ್ಕೆ ಆರಿಯಿಂದಲೇ ಹೊಲಿಯಬಹುದಲ್ವಾ?

ಹೊಲಿಯಬಹುದು, ಬೇಗವೂ ಆಗುತ್ತದೆ. ಅಟ್ಟೆಗೆ, ಬಾರಿಗೆ ಅದೇ ಸರಿ. ತೆಳು ಪರ್ಸಿಗೆ ಅದರ ತೂತು ದೊಡ್ಡದಾಗುತ್ತದೆ. ಕೊಕ್ಕೆ ಇಲ್ಲದ ಸಾದಾ ಆರಿ ಒಂದು ಇಟ್ಟುಕೊಳ್ಳಿ, ಮುಚ್ಚಿಹೋದ ತೂತು ಬಿಡಿಸಲು ಬೇಕಾಗುತ್ತದೆ.

ಎಂಥ ತೊಗಲು ಕೊಳ್ಳಲಿ?

ಹತಾರದ ಪ್ರಶ್ನೆಯೇ ಇದು, ಯಾಕಂದರೆ ತೊಗಲು ನೋಡಿ ಹತಾರ ಬದಲಾಗುತ್ತದೆ. ಮರದ ತೊಗಟೆ, ಕಾಯಿಯ ಒಗರಿನಲ್ಲಿ ಹದ ಮಾಡಿದ್ದು ಒಂದು ಬಗೆ, ಪೇಟೆಯಲ್ಲಿ ಅದಕ್ಕೆ ವೆಜ್ ಟ್ಯಾನ್ ಅನ್ನುತ್ತಾರೆ. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವಿದೆಯಲ್ಲ, ಅದರ ತೊಗಟೆಯನ್ನೂ ಅಳಲೆಕಾಯಿಯನ್ನೂ ದಕ್ಷಿಣ ಭಾರತದಲ್ಲಿ ಮೊದಲಿನಿಂದ ಹದಕ್ಕೆ ಬಳಸುತ್ತಾ ಬಂದಿದ್ದಾರೆ. ಇನ್ನೊಂದು ಬಗೆ ಕ್ರೋಮ್ ಲವಣದಲ್ಲಿ ಹದ ಮಾಡಿದ್ದು. ಮೆತ್ತಗೆ, ನೀರಿಗೆ ಅಷ್ಟಾಗಿ ಜಗ್ಗುವುದಿಲ್ಲ, ಅಗ್ಗ.

ಕಲಿಯಲು ಮೊದಲನೆಯದು ಒಳ್ಳೆಯದು. ಗಟ್ಟಿಯಾಗಿ ನಿಲ್ಲುತ್ತದೆ, ಕೊಯ್ದರೆ ಅಂಚು ಚೊಕ್ಕ ಬರುತ್ತದೆ, ಉಜ್ಜಿದರೆ ಹೊಳೆಯುತ್ತದೆ. ಕ್ರೋಮ್ ತೊಗಲಿನ ಅಂಚು ಎಷ್ಟು ಉಜ್ಜಿದರೂ ಹಾಗೆ ಹೊಳೆಯುವುದಿಲ್ಲ. ಅದಕ್ಕೆ ಬಣ್ಣ ಬಳಿಯಬೇಕು, ಇಲ್ಲ ಮಡಚಿ ಹೊಲಿಯಬೇಕು. ಪರ್ಸಿಗೆ 1ರಿಂದ 1.5 ಮಿ.ಮೀ., ಬೆಲ್ಟಿಗೆ 3.5 ಮಿ.ಮೀ. ದಪ್ಪ ಇರಲಿ. ಹಿಂಭಾಗ ತಿರುವಿ ನೋಡಿ. ನಾರು ಕಂಡರೆ ತೊಗಲು, ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್.

ತಮಿಳುನಾಡಿನ ಆಂಬೂರು, ರಾಣಿಪೇಟೆ ಕಡೆ ಹದ ಮಾಡುವ ಕಾರ್ಖಾನೆಗಳು ಬಹಳ ಇವೆ. ಇಡೀ ತೊಗಲು ಬೇಡ, ಒಂದೆರಡು ಚದರ ಅಡಿಯ ತುಣುಕು ತರಿಸಿಕೊಳ್ಳಿ. ಬಂದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಹಳೆಯ ಪಂಚೆಯಲ್ಲಿ ಸುತ್ತಿಡಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ತಪ್ಪುತ್ತದೆ.

ಹೊಸ ತೊಗಲಿನ ಮೇಲೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆ ಬಂದಿವೆ. ಯಾಕೆ?

ಕಬ್ಬಿಣ. ಸಾಣೆ ಹಿಡಿದ ಪುಡಿ ಕೈಗೆ ಅಂಟಿರುತ್ತದೆ, ಒದ್ದೆ ತೊಗಲು ಮುಟ್ಟುತ್ತೀರಿ, ತೊಗಟೆಯ ಒಗರು ಮತ್ತು ಕಬ್ಬಿಣ ಸೇರಿ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಲವಣ ಬೆರೆಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಮಸೆದ ಮೇಲೆ ಕೈ ತೊಳೆಯಿರಿ, ನೀರಿಗೆ ಕಬ್ಬಿಣದ ಬಟ್ಟಲು ಬೇಡ. ಸಣ್ಣ ಚುಕ್ಕೆಗೆ ನಿಂಬೆ ರಸ ಹಚ್ಚಿ ಒರೆಸಿದರೆ ತಿಳಿಯಾಗುತ್ತದೆ.

ಅಂಟು?

ಚಪ್ಪಲಿಗೆ ಹಚ್ಚುವ ಹಳದಿ ರಬ್ಬರ್ ಅಂಟು. ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸಿ. ಡಬ್ಬಿಯ ಮೇಲೆ ಬರೆದ ನಿಮಿಷಗಳನ್ನು ನಮ್ಮ ಏಪ್ರಿಲ್ ತಿಂಗಳಲ್ಲಿ ನಂಬಬೇಡಿ, ಅದಕ್ಕಿಂತ ಬಹಳ ಬೇಗ ಒಣಗುತ್ತದೆ. ಬೆಳಿಗ್ಗೆ ತಂಪಿನಲ್ಲೇ ಅಂಟಿನ ಕೆಲಸ ಮುಗಿಸಿ. ಅದರ ವಾಸನೆ ತಲೆಗೆ ಒಳ್ಳೆಯದಲ್ಲ, ಕಿಟಕಿ ಬಾಗಿಲು ತೆಗೆದಿರಲಿ, ಒಲೆ ಹತ್ತಿರ ಬೇಡ.

ಹೊಲಿಗೆ ಮೆಷಿನ್ ಯಾವಾಗ ಕೊಳ್ಳಲಿ? ಬಳ್ಳಾರಿಯಲ್ಲಿ ಹಳೆಯ ಜೀನ್ಸ್ ಮೆಷಿನ್ ಸಿಗುತ್ತದಂತೆ.

ಈಗ ಬೇಡ. ಬಟ್ಟೆಯ ಮೆಷಿನ್ ತೊಗಲನ್ನು ಕೆಳಗಿನ ಹಲ್ಲಿನಿಂದ ಮಾತ್ರ ದೂಡುತ್ತದೆ, ಮೇಲಿನ ಪದರ ಹಿಂದೆ ಉಳಿದು ಸೊಟ್ಟಗಾಗುತ್ತದೆ. ತೊಗಲಿಗೆ ಮೇಲಿನ ಪಾದವೂ ನಡೆಯುವ ಮೆಷಿನ್ ಬೇಕು, ಅದರ ಬೆಲೆ ಬೇರೆಯೇ. ಆದರೆ ಬಳ್ಳಾರಿಗೆ ಹೋದರೆ ಜೀನ್ಸಿನ ತಾಮ್ರದ ರಿವೆಟ್ಟು, ಉಳಿದ ಡೆನಿಮ್ ತುಂಡುಗಳನ್ನು ಖಂಡಿತ ಕೇಳಿ ತನ್ನಿ. ಚೀಲದ ಒಳಗೆ ಹಾಕಲು ಡೆನಿಮ್‌ನಷ್ಟು ಗಟ್ಟಿ ಬಟ್ಟೆ ಕಡಿಮೆ. ಅಂಚು ಉಜ್ಜಲೂ ನಾನು ಅದನ್ನೇ ಬಳಸುತ್ತೇನೆ: ಅಂಚನ್ನು ಸ್ಯಾಂಡ್‌ಪೇಪರಿನಿಂದ ದುಂಡಗೆ ಮಾಡಿ, ಒದ್ದೆ ಬೆರಳು ಆಡಿಸಿ, ಡೆನಿಮ್ ತುಂಡಿನಿಂದ ಬಿಸಿಯೇರುವವರೆಗೆ ಉಜ್ಜಿ, ಕೊನೆಗೆ ಜೇನುಮೇಣ.

ಇದೇ ಹತಾರದಲ್ಲಿ ತೊಗಲುಗೊಂಬೆ ಮಾಡಬಹುದಾ?

ಇಲ್ಲ, ಅದು ಬೇರೆ ವಿದ್ಯೆ. ಬೆಳಕು ಹಾಯುವಂತೆ ಹದಗೊಳಿಸಿದ ತೆಳು ತೊಗಲು, ಚುಕ್ಕಿ ಚುಕ್ಕಿ ಕೊರೆಯುವ ಸಣ್ಣ ಸಣ್ಣ ಉಳಿಗಳು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ತೊಗಲುಗೊಂಬೆಯಾಟಕ್ಕೇ. ಆಸೆ ಇದ್ದರೆ ಆಡಿಸುವ ಮನೆತನದವರ ಹತ್ತಿರವೇ ಹೋಗಿ ಕಲಿಯಬೇಕು.

ಯಾರ ಹತ್ತಿರ ಕಲಿಯಲಿ? ವಿಡಿಯೊ ಸಾಕಾ?

ವಿಡಿಯೊ ನೋಡಿ, ಆದರೆ ನಿಮ್ಮೂರಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಒಂದು ವಾರ ಕೂತು ಬನ್ನಿ. ಸಮಗಾರರು, ಮಾದಿಗರು, ಡೋಹರರು ತಲೆತಲಾಂತರದಿಂದ ಕೈಯಲ್ಲಿಟ್ಟುಕೊಂಡು ಬಂದ ವಿದ್ಯೆ ಇದು. ಈ ಕೆಲಸ ಮಾಡಿದ್ದಕ್ಕೇ ಅವರನ್ನು ಊರು ದೂರ ಇಟ್ಟಿತ್ತು ಅನ್ನುವುದನ್ನು ಮರೆಯಬಾರದು. 12ನೇ ಶತಮಾನದ ಸಮಗಾರ ಹರಳಯ್ಯನವರಿಗೆ ಕೈಮುಗಿಯುವ ನಾವೇ ಬಸ್ ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಕಲಿಯಲು ಹೋದರೆ ಅವರ ದಿನದ ದುಡಿಮೆ ಎಷ್ಟೋ ಅಷ್ಟು ಕೊಟ್ಟು ಕೂರಿ. ಯಾರಿಂದ ಕಲಿತಿರಿ ಅಂತ ಕೇಳಿದವರಿಗೆ ಅವರ ಹೆಸರು ಹೇಳಿ.

ಸರ್ಕಾರದ ಲಿಡ್ಕರ್ ನಿಗಮವೂ ಚರ್ಮದ ಕೆಲಸದ ತರಬೇತಿ ನಡೆಸುತ್ತದೆ. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ನಾಲ್ಕಾರು ಪರ್ಸು ಮಾಡಿದ ಮೇಲೆ ಮುಂದೆ ಏನು ಕೊಳ್ಳಬೇಕು?

ಅಂಚು ಕೆತ್ತುವ ಬೆವೆಲರ್, 1ನೇ ಅಥವಾ 2ನೇ ನಂಬರಿನದ್ದು. ಆಮೇಲೆ ಹೊಲಿಯುವಾಗ ತೊಗಲನ್ನು ಹಿಡಿದುಕೊಳ್ಳುವ ಮರದ ಇಕ್ಕಳ. ಅದನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡರೆ ಎರಡೂ ಕೈ ಸೂಜಿಗೆ ಬಿಡುವಾಗುತ್ತವೆ. ಇದನ್ನೂ ಬಡಿಗೇರರ ಹತ್ತಿರ ಮಾಡಿಸಬಹುದು. ಬೆಲ್ಟ್ ಮಾಡುವ ದಿನ ಬಂದಾಗ ದುಂಡು ತೂತಿನ ಪಂಚು. ತಿರುಗುವ ಇಕ್ಕಳದಂಥದ್ದು ಬೇಡ, 4 ಮಿ.ಮೀ.ದು ಒಂದೇ ಒಂದು ಬಿಡಿ ಪಂಚು, ಕೊಡತಿಯಿಂದ ಬಡಿಯುವಂಥದ್ದು.